ಕರವಸ್ತ್ರದ ಗಂಟು

ಸ್ಪೇನ್ ದೇಶದ ವೆಲೆನ್ಸಿಯಾ ನಗರಕ್ಕೆ ಹೋಗುವುದಾದರೆ ಯಾವ ತಿಂಗಳಲ್ಲಿ ಹೋಗಬೇಕು? ಅಲ್ಲಿ ಒಂದೊಂದು ಕಾಲಕ್ಕೂ ಒಂದೊಂದು ತಿನಿಸಿನ ಸಡಗರ. ಇತಿಹಾಸದ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಒಂದೇ ಸಲ ಹೋಗಿಬರಬಲ್ಲ ನನ್ನಂಥವಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಕ್ಯಾಲೆಂಡರ್ ಹಿಡಿದು ಕುಳಿತಿದ್ದೇನೆ.

ಮಾರ್ಚ್ ತಿಂಗಳಲ್ಲಿ ಹೋದರೆ ಫಾಯಾಸ್ ಹಬ್ಬ. ಬೀದಿಬೀದಿಗಳಲ್ಲಿ ನಿಲ್ಲಿಸಿದ ಭಾರೀ ಬೊಂಬೆಗಳನ್ನು 19ರ ರಾತ್ರಿ ಸುಟ್ಟುಬಿಡುತ್ತಾರೆ, ನಮ್ಮ ಕಾಮದಹನದ ಹಾಗೆ. ಆಗಿನ ತಿಂಡಿ ಸಿಹಿಗುಂಬಳದ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಬುನ್ಯುವೆಲೊ. ನಮ್ಮ ಗಾರಿಗೆಗೆ ದೂರದ ತಂಗಿ ಎನ್ನಿ. ಬೇಸಿಗೆಯಲ್ಲಾದರೆ ಓರ್ಚಾತಾ ಎಂಬ ತಂಪು ಪಾನೀಯ. ನಮ್ಮ ಹೊಲಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಕೊನ್ನಾರಿಗಡ್ಡೆಯ ಜಾತಿಯದೇ ಒಂದು ಗಡ್ಡೆಯನ್ನು ನೆನೆಸಿ, ಅರೆದು, ಹಾಲು ಹಿಂಡಿ ಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ಊರಿನ ದಕ್ಷಿಣಕ್ಕಿರುವ ಆಲ್ಬುಫೇರಾ ಸರೋವರದ ಸುತ್ತ ಭತ್ತದ ಕೊಯ್ಲು. ಅಲ್ಲಿನ ಹೆಸರಾಂತ ಪಯೇಯಾ ಅನ್ನಕ್ಕೆ ಮೊಲದ ಮಾಂಸ ಹಾಕುತ್ತಾರಾದ್ದರಿಂದ ಅದು ನನಗಲ್ಲ.

ಆದರೆ ಅಕ್ಟೋಬರ್ 9 ನನ್ನನ್ನು ಹಿಡಿದು ನಿಲ್ಲಿಸಿದೆ. 1238ರಲ್ಲಿ ಆ ದಿನ ಅರಗಾನಿನ ದೊರೆ ಒಂದನೆಯ ಜೇಮ್ಸ್ ಈ ನಗರವನ್ನು ಮುಸಲ್ಮಾನ ಅರಸರಿಂದ ಗೆದ್ದು ಒಳಹೊಕ್ಕ. ಇಂದಿಗೂ ಅದು ಅಲ್ಲಿನ ನಾಡಹಬ್ಬ. ಅಂದು ಗಂಡಸರು ತಮ್ಮ ಪ್ರೀತಿಯ ಹೆಂಗಸರಿಗೆ ಒಂದು ಕರವಸ್ತ್ರದಲ್ಲಿ ಸಿಹಿ ಕಟ್ಟಿ ಕೊಡುತ್ತಾರೆ. ಬಾದಾಮಿ, ಸಕ್ಕರೆ ಅರೆದು ಹಣ್ಣು ತರಕಾರಿಗಳ ಆಕಾರದಲ್ಲಿ ಮಾಡಿದ್ದು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ಕಣ್ಣಮುಂದೆ ಬಂತೋ ಇಲ್ಲವೋ?

ಗೆದ್ದವರ ಹಬ್ಬ ಸರಿ, ಆದರೆ ಗಂಟಿನೊಳಗಿರುವುದು ಯಾರದು? ಕಬ್ಬು, ಭತ್ತ, ಕಿತ್ತಳೆಗಳನ್ನು ಆ ನೆಲದಲ್ಲಿ ಬೇರೂರಿಸಿದವರು ಸೋತವರು. ಅಲ್ಲಿಯವರ 'ಅಸೂಕರ್' ಎಂಬ ಮಾತು ಅರಬ್ಬಿಯಿಂದ ಬಂದದ್ದು; ಅರಬ್ಬಿಯ ಮೂಲ ಸಂಸ್ಕೃತದ ಶರ್ಕರಾ. ನಮ್ಮ ಸಕ್ಕರೆಯೂ ಅದರ ಮಗಳೇ. ಕಿತ್ತಳೆಗೆ ಅವರು ಹೇಳುವ 'ನರಾಂಹಾ' ಎಂಬ ಹೆಸರೂ ನಮ್ಮ ನಾರಂಗದಿಂದಲೇ ಹೊರಟು ಅದೇ ದಾರಿಯಲ್ಲಿ ಹೋದದ್ದು.

ಆ ಜನ ಏನಾದರು? 1520ರ ದಶಕದಲ್ಲಿ ಅವರನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಿದರು. ಅಷ್ಟಕ್ಕೂ ನಂಬಿಕೆ ಬರಲಿಲ್ಲ. 1609ರ ಸೆಪ್ಟೆಂಬರಿನಲ್ಲಿ ಮೂರನೆಯ ಫಿಲಿಪ್ ದೊರೆ ಎಲ್ಲರನ್ನೂ ದೇಶದಿಂದ ಹೊರಹಾಕಿದ. ಕೊಟ್ಟ ಗಡುವು 3 ದಿನ; ಮೈಮೇಲೆ ಹೊರಬಹುದಾದಷ್ಟೇ ಸಾಮಾನು. ವೆಲೆನ್ಸಿಯಾ ರಾಜ್ಯದ ಸುಮಾರು ಮೂರರಲ್ಲೊಂದು ಪಾಲು ಜನ ಹಡಗು ಹತ್ತಿದರು. ಎಷ್ಟೋ ಎಳೆಯ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಕ್ರೈಸ್ತರ ಮನೆಗಳಲ್ಲಿ ಉಳಿಸಿಕೊಂಡರು. ಗಾಂದಿಯಾ ಪ್ರಾಂತದ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಕೈಗಳೇ ಇಲ್ಲವಾದವು. ತರಗತಿಯಲ್ಲಿ ಈ ಇಸವಿಯನ್ನು ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುವುದು ಸುಲಭ. ಹೊಸಿಲ ಬಳಿ ನಿಂತು, ಯಾವ ಪಾತ್ರೆ ಒಯ್ಯಲಿ ಯಾವುದನ್ನು ಬಿಡಲಿ ಎಂದು ಯೋಚಿಸಿದ ಹೆಂಗಸು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಅವರ ಕಾಲುವೆಗಳು ಮಾತ್ರ ಉಳಿದವು. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ದೊಡ್ಡ ಇಗರ್ಜಿಯ ಬಾಗಿಲಲ್ಲಿ ರೈತರ ನೀರಿನ ನ್ಯಾಯಾಲಯ ಕೂಡುತ್ತದೆ. 8 ಕಾಲುವೆಗಳ ಪ್ರತಿನಿಧಿಗಳು, ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲೇ. ಆ ಇಗರ್ಜಿ ನಿಂತಿರುವುದು ಹಳೆಯ ಮಸೀದಿಯ ಜಾಗದಲ್ಲಿ.

ಹೀಗಾಗಿ ನನ್ನ ಲೆಕ್ಕಾಚಾರ ಇಷ್ಟು: ಅಕ್ಟೋಬರ್ 9 ಶುಕ್ರವಾರ ಬೀಳುವ ವರ್ಷ ಹೊರಡಬೇಕು; 2026 ಅಂಥದೊಂದು. ಗುರುವಾರ ನೀರಿನ ಪಂಚಾಯಿತಿ, ಮರುದಿನ ಸಿಹಿಯ ಗಂಟು. ಕೊಡಿಸುವ ಗಂಡಸು ಜೊತೆಗಿಲ್ಲದಿದ್ದರೂ ಚಿಂತೆಯಿಲ್ಲ, ಮಿಠಾಯಿ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಯಾರಿಗಾದರೂ ಕಟ್ಟಿಕೊಡುತ್ತಾರೆ.