ಅಬ್ಬೆಯ ಮೊಟ್ಟೆಂದ ಬಾಬೆ ಸೀಟಿಂಗೆ

ರಜೆ ಸುರು ಅಪ್ಪಗ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೊಡೆಲಿ ಮನೆಮನೆಲಿಯೂ ಒಂದು ಮಾತು ಇಪ್ಪದೇ: "ಏರ್‌ಪೋರ್ಟಿಂಗೆ ಆರೆಲ್ಲ ಹೋಪದು?" ದುಬಾಯಿಂದಲೋ ಲಂಡನ್ನಿಂದಲೋ ಮಗಳು, ಅಳಿಯ, ಪುಳ್ಯಕ್ಕೊ ಬಪ್ಪಲಿದ್ದು. ಅಜ್ಜಂಗೆ ಹೋಯೆಕ್ಕು, ಅಜ್ಜಿಗೆ ಹೋಯೆಕ್ಕು, ಚಿಕ್ಕಮ್ಮಂಗೂ ಆಶೆ. ಅಷ್ಟಪ್ಪಗ ಮಗಳ ಫೋನು ಬತ್ತು: "ಅಬ್ಬೇ, ಕಾರಿಲಿ ಎರಡು ಬಾಬೆ ಸೀಟು ಮಡುಗೆಕ್ಕು. ಡ್ರೈವರನ ಹತ್ತರೆ ಮದಲೇ ಹೇಳಿ ಮಡುಗು." ಇತ್ಲಾಗಿ ಅಜ್ಜಿಗೆ ಬೇಜಾರು. "ನಾವು ಮಕ್ಕಳ ಸಾಂಕಿದ್ದಿಲ್ಲೆಯೋ? ಮೊಟ್ಟೆಲಿ ಕೂರ್ಸಿರೆ ಸಾಲದೋ? ಕಂಜಿಯ ಹಾಂಗೆ ಕಟ್ಟಿ ಹಾಕೆಕ್ಕೋ?"

ಅಜ್ಜಿಯ ಪ್ರಶ್ನೆ ತಳ್ಳಿ ಹಾಕುವಂಥದ್ದಲ್ಲ. ಮಗಳ ಮಾತುದೆ ಜಂಬದ್ದಲ್ಲ. ಇಬ್ರದ್ದೂ ಸರಿ ಹೇಂಗೆ ಹೇಳಿ ಅರ್ಥ ಆಯೆಕ್ಕಾರೆ ನಮ್ಮ ಊರಿನ ಮಕ್ಕೊ ಇಷ್ಟು ವರ್ಷ ಹೇಂಗೆ ಪ್ರಯಾಣ ಮಾಡಿದವು ಹೇಳಿ ರಜ್ಜ ಹಿಂದಂಗೆ ತಿರುಗಿ ನೋಡೆಕ್ಕು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹೇಳ್ತ ಸ್ಕಾಟ್ಲೆಂಡಿನ ವೈದ್ಯ ಕಂಪೆನಿ ಸರಕಾರದ ಕೆಲಸಲ್ಲಿ ನಮ್ಮ ಸೀಮೆಗೆ ಬಂದಿತ್ತಿದ್ದ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಹೇಳಿ ಒಂದೊಂದೇ ಊರು ದಾಂಟಿಗೊಂಡು ಹೋಗಿ, ಕಂಡದರ ಎಲ್ಲ ಬರದು ಮಡುಗಿದ. 1807ರಲ್ಲಿ ಅದು ಪುಸ್ತಕ ಆಗಿ ಬಂತು. ಇಂದು ಬೆಳ್ತಂಗಡಿಂದ ಬಜ್ಪೆಗೆ ಹೋಪ ಟ್ಯಾಕ್ಸಿ ವೇಣೂರು, ಮೂಡುಬಿದಿರೆ ಆಗಿ ಹೋದರೆ, ಅವ ಹೋದ ಊರುಗಳನ್ನೇ ದಾಂಟಿ ಹೋವ್ತು. ಅವಂಗೆ ಎಷ್ಟೋ ದಿನ ಹಿಡುದ ದಾರಿ ನವಗೆ ಈಗ ಒಂದು ಗಳಿಗೆಯ ಕೆಲಸ.

ಅಂಬಗ ಘಾಟಿಂದ ಸಾಮಾನು ಇಳಿವದು ಹೇರೆತ್ತಿನ ಬೆನ್ನಿಲಿ. ಬಂಟ್ವಾಳಂದ ಮಂಗ್ಳೂರಿಂಗೆ ನೇತ್ರಾವತಿಲಿ ದೋಣಿ. ಬಂಟ್ವಾಳ ಪೇಟೆ ಬೆಳದ್ದೇ ಆ ಹೊಳೆಂದಾಗಿ. ಜೆನಂಗೊ ನಡವದು, ಮಕ್ಕೊ ಅಬ್ಬೆಯ ಸೊಂಟಲ್ಲಿ. ಉಳ್ಳವಕ್ಕೆ ಮಂಚಲು ಇತ್ತು. ಒಂದು ಉದ್ದದ ಮರದ ದಂಡಿಗೆ ತೊಟ್ಟಿಲಿನ ಹಾಂಗೆ ನೇಲ್ಸಿ, ಹೊರುವ ಜೆನ ಹೆಗಲು ಕೊಟ್ಟು ಹೋಪ ಕ್ರಮ. ಮತ್ತೆ ಎತ್ತಿನ ಗಾಡಿ ಬಂತು. ಗಾಡಿ ಹೋಪದು ಗಂಟೆಗೆ ನಾಲ್ಕು ಕಿಲೋಮೀಟರ್, ನಡವ ಜೆನದಷ್ಟೇ ವೇಗ.

ಈ ವೇಗದ ಲೆಕ್ಕ ರಜ್ಜ ಮನಸ್ಸಿಲಿ ಮಡಿಕ್ಕೊಳ್ಳಿ. ಓಡ್ತಾ ಇಪ್ಪ ಒಂದು ಗಾಡಿ ಎದುರು ಎಂತಕ್ಕಾರು ಗುದ್ದಿ ಗಕ್ಕನೆ ನಿಂದರೆ, ಒಳ ಇಪ್ಪವು ಅದೇ ವೇಗಲ್ಲಿ ಮುಂದಂಗೆ ಹಾರ್ತವು. ಆ ಪೆಟ್ಟು ಎಷ್ಟು ಎತ್ತರಂದ ಕೆಳ ಬಿದ್ದ ಪೆಟ್ಟಿಂಗೆ ಸಮ ಹೇಳಿ ಲೆಕ್ಕ ಹಾಕಲೆ ಎಡಿಗು. ಎತ್ತಿನ ಗಾಡಿದು ಆರು ಸೆಂಟಿಮೀಟರ್. ಹೇಳಿರೆ ಉಂಬಲೆ ಕೂಪ ಮಣೆಂದ ಬಿದ್ದಷ್ಟು! ಅಬ್ಬೆಯ ಎರಡು ಕೈ ಅದಕ್ಕೆ ಧಾರಾಳ ಸಾಕು.

ನಮ್ಮ ಹಿರಿಯರಿಂಗೂ ಒಂದು 'ಪೋರ್ಟಿಂಗೆ ಹೋಪದು' ಇತ್ತು. ಬೊಂಬಾಯಿಗೆ ಹೋಯೆಕ್ಕಾರೆ ಮಂಗ್ಳೂರು ಬಂದರಿಂಗೆ ಹೋಗಿ ಆಗಬೋಟು ಹತ್ತೆಕ್ಕು. ಹಳೆ ಬಂದರಿನ ಅಳುವೆಲಿ ಹೊಯಿಗೆ ತುಂಬಿಗೊಂಡಿದ್ದ ಕಾರಣ ದೊಡ್ಡ ಹಡಗು ದೂರ ಸಮುದ್ರಲ್ಲೇ ನಿಂಗು. ಜೆನಂಗಳ ದೋಣಿಲಿ ಅಲ್ಲಿಗೆ ಎತ್ಸೆಕ್ಕು. ಮಳೆಗಾಲಲ್ಲಿ ಅದೂ ಇಲ್ಲೆ. ಎನ್ನ ಅಜ್ಜಿ ಹೇಳಿಗೊಂಡಿತ್ತು, ದೋಣಿ ತೂಗುವಗ ಅಬ್ಬೆಕ್ಕೊ ಬಾಬೆಯ ಸೆರಗಿಲಿ ಮೈಗೆ ಕಟ್ಟಿಗೊಂಬದಡ. ಹಡಗಿನ ಏಣಿ ಹತ್ತೆಕ್ಕಾದಪ್ಪಗ ಬಾಬೆಯ ಕೈಂದ ಕೈಗೆ ದಾಂಟ್ಸುದಡ. ನೋಡಿ, ಅಪಾಯ ಇಪ್ಪಲ್ಲಿ ಅವುದೆ ಬರೇ ಕೈಯ ನಂಬಿ ಕೂಯಿದವಿಲ್ಲೆ, ಕಟ್ಟಿಗೊಂಡಿದವು. 1907ರಲ್ಲಿ ಮಂಗ್ಳೂರಿಂಗೆ ರೈಲು ಬಂತು. ಆದರೆ ಕೊಂಕಣ ರೈಲು ಪೂರ್ತಿ ಸುರು ಅಪ್ಪಗ 1998 ಆತು. ಅಲ್ಲಿವರೆಗೆ ಬೊಂಬಾಯಿ ಹೇಳಿರೆ ಸುತ್ತು ದಾರಿಯೇ.

ಮತ್ತೆ ಬಸ್ಸು. ಎರಡ್ನೆ ಮಹಾಯುದ್ಧದ ಕಾಲಲ್ಲಿ ಪೆಟ್ರೋಲಿಂಗೆ ಬರ ಬಂದು ಇದ್ದಿಲ ಗ್ಯಾಸಿಲಿ ಬಸ್ಸು ಓಡಿಗೊಂಡಿತ್ತು. ಏರು ಬಂದರೆ ಇಳುದು ನೂಕೆಕ್ಕಾದ್ದೂ ಇದ್ದಡ. ಹಾಂಗಿಪ್ಪ ಬಸ್ಸು ಗಂಟೆಗೆ 25 ಕಿಲೋಮೀಟರ್ ಹೋತು ಹೇಳಿ ಮಡಿಕ್ಕೊಳ್ಳಿ. ಲೆಕ್ಕ ಎರಡೂವರೆ ಮೀಟರಿಂಗೆ ಏರಿತ್ತು. ಮಣೆಂದ ಬೀಳುದು ಹೋಗಿ ಅಟ್ಟಂದ ಬೀಳುದಾತು. ಮೊಟ್ಟೆಲಿಪ್ಪ ಬಾಬೆಯ ಹಿಡಿವದು ಇಲ್ಲಿಗೇ ಕಷ್ಟ ಆತು. ಎದುರಾಣ ಸೀಟಿನ ಕಂಬಿಗೆ ಹಲ್ಲು ಗುದ್ದಿಸಿಗೊಂಡ ಮಕ್ಕೊ ಹಳೆ ತಲೆಮಾರಿಲಿ ಮನೆಗೊಂದು ಇಕ್ಕು!

1951ರ ದಶಂಬರ 25ಕ್ಕೆ ಬಜ್ಪೆ ಗುಡ್ಡೆಯ ಮೇಗೆ ವಿಮಾನ ಇಳುದತ್ತು. ಡಿಸಿ-3 ವಿಮಾನಲ್ಲಿ ಬಂದು ಉದ್ಘಾಟನೆ ಮಾಡಿದ್ದು ಪ್ರಧಾನಿ ನೆಹರು. ಸುರುವಿಂಗೆ ಅದು ದೊಡ್ಡ ದೊಡ್ಡ ಜೆನಂಗೊಕ್ಕೆ ಮಾತ್ರ. ನಮ್ಮಂಥವು ಹೋದ್ದು ಎಷ್ಟೋ ವರ್ಷ ಕಳುದು, ಗಲ್ಫಿಂಗೆ ಹೋಪವರ ಕಳುಸಿ ಕೊಡ್ಲೆ. ಅಂಬಾಸಿಡರ್ ಕಾರು ನೆಂಪಿದ್ದಲ್ಲದೋ? ಎದುರು ಉದ್ದದ ಸೀಟು. ಡ್ರೈವರನ ಹತ್ತರೆ ಇಬ್ರು ಗೆಂಡುಮಕ್ಕೊ, ಅವರ ಎಡಕ್ಕಿಲಿ ಒಂದು ಮಾಣಿ. ಹಿಂದೆ ನಾಲ್ಕು ಹೆಮ್ಮಕ್ಕೊ, ಒಬ್ಬೊಬ್ಬನ ಮೊಟ್ಟೆಲಿ ಒಂದೊಂದು ಬಾಬೆ. ಬೆಲ್ಟು ಹೇಳ್ತ ಶಬ್ದವೇ ಇತ್ತಿಲ್ಲೆ. ಬೆಳ್ತಂಗಡಿ ಹೊಡೆಣ ಸರ್ವೀಸ್ ಜೀಪಿನ ಕತೆ ಹೇಳುದೇ ಬೇಡ. ಕಳುಸಿಕೊಡ್ಲೆ ಮನೆಮಂದಿ ಇಡೀ ಹೋಪದು ಪ್ರೀತಿ. ಹೋದವ ಪುನಾ ಬಪ್ಪದು ಎರಡು ವರ್ಷ ಕಳುದು.

ಇಲ್ಲಿ ಒಂದು ಮಾತು ನಮ್ಮ ಅಬ್ಬೆಕ್ಕಳ ಪರವಾಗಿ ಹೇಳೆಕ್ಕು. ಅವಕ್ಕೆ ಗೊಂತಿತ್ತಿಲ್ಲೆ ಹೇಳಿ ಅಲ್ಲ, ಲೋಕಲ್ಲೇ ಎಲ್ಲಿಯೂ ಸರಿಯಾದ ಸೀಟು ಇತ್ತಿಲ್ಲೆ. 1930ರ ದಶಕಲ್ಲಿ ಅಮೇರಿಕಲ್ಲಿ ಮಾಡಿದ ಮಕ್ಕಳ ಸೀಟು ಬರೇ ಮಕ್ಕಳ ಎತ್ತರಲ್ಲಿ ಕೂರ್ಸುಲೆ, ಅವು ಅತ್ಲಾಗಿ ಇತ್ಲಾಗಿ ಹರಗದ್ದ ಹಾಂಗೆ ನೋಡ್ಲೆ ಇದ್ದದು. ದೊಡ್ಡವರ ಹೆಗಲಿಂದ ಸೊಂಟಕ್ಕೆ ಬಪ್ಪ ಬೆಲ್ಟು ಬಂದದೇ 1959ರಲ್ಲಿ, ಸ್ವೀಡನಿನ ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ ಮಾಡಿದ್ದು. ಬೇರೆ ಕಂಪೆನಿಗೊ ಉಪಯೋಗ್ಸಲಿ ಹೇಳಿ ವೋಲ್ವೋದವು ಅದರ ಹಕ್ಕಿನ ಬಿಟ್ಟು ಕೊಟ್ಟವು. 1962ರಲ್ಲಿ ಬ್ರಿಟನ್ನಿಲಿ ಜೀನ್ ಏಮ್ಸ್ ಹೇಳ್ತ ಪತ್ರಕರ್ತೆಯೂ, ಅಮೇರಿಕಲ್ಲಿ ಲೆನಾರ್ಡ್ ರಿವ್ಕಿನ್ ಹೇಳ್ತವನೂ ಬೇರೆ ಬೇರೆ ಆಗಿ ಮಕ್ಕಳ ಜೀವ ಒಳಿಶುಲೆ ಇಪ್ಪ ಸೀಟು ಮಾಡಿದವು. 1964ರ ಹೊತ್ತಿಂಗೆ ಸ್ವೀಡನಿಲಿ ಬರ್ಟಿಲ್ ಆಲ್ಡ್‌ಮನ್ ಹೇಳ್ತ ಪ್ರೊಫೆಸರ್ ಬಾಹ್ಯಾಕಾಶಕ್ಕೆ ಹೋಪವು ಬೆನ್ನು ಕೊಟ್ಟು ಮನುಗುವ ಸೀಟಿನ ಕಂಡು, ಬಾಬೆಗೊಕ್ಕುದೆ ಹಾಂಗೆ ಹಿಂದಂಗೆ ಮೋರೆ ಮಾಡಿ ಕೂರ್ಸುವ ಸೀಟಿನ ಆಲೋಚನೆ ಮಾಡಿದ.

ಅದರ ಗುಟ್ಟು ನಮ್ಮ ಮೀಶುವ ಹಾಳೆಲೇ ಇದ್ದು. ಎಳೆ ಬಾಬೆಯ ಅಡಕ್ಕೆ ಹಾಳೆಲಿ ಮನುಶುದು ಎಂತಕೆ? ತಲೆ, ಕೊರಳು, ಬೆನ್ನು ಒಟ್ಟಿಂಗೆ ಆಧಾರಲ್ಲಿ ಇರಲಿ ಹೇಳಿ. ಬಾಬೆಯ ತಲೆ ಭಾರ, ಕೊರಳು ಎಳತ್ತು. ಕಾರು ಗಕ್ಕನೆ ನಿಂಬಗ ಎದುರು ಮೋರೆ ಮಾಡಿದ ಬಾಬೆಯ ತಲೆ ಮುಂದಂಗೆ ಎಳಕ್ಕೊಂಡು ಹೋವ್ತು. ಹಿಂದಂಗೆ ಮೋರೆ ಮಾಡಿರೆ ಇಡೀ ಬೆನ್ನು ಸೀಟಿಂಗೆ ಒತ್ತುತ್ತು, ಕೊರಳಿಂಗೆ ಎಳತ ತುಂಬ ಕಮ್ಮಿ ಆವ್ತು. ಕಮ್ಮಿಲಿ 15 ತಿಂಗಳ ವರೆಗೆ ಹೀಂಗೆ ಕೂರ್ಸೆಕ್ಕು ಹೇಳಿ ಯುರೋಪಿನ ಹೊಸ ನಿಯಮ. ಸ್ವೀಡನಿನವು ನಾಲ್ಕು ವರ್ಷದ ವರೆಗೂ ಹಾಂಗೇ ಕೂರ್ಸುತ್ತವು.

ಈಗ ಲೆಕ್ಕಕ್ಕೆ ಬಪ್ಪ. ಗಂಟೆಗೆ 50 ಕಿಲೋಮೀಟರ್ ವೇಗಲ್ಲಿ ಗುದ್ದಿರೆ ಹತ್ತು ಮೀಟರ್ ಎತ್ತರಂದ, ಹೇಳಿರೆ ಮೂವತ್ತು ಅಡಿಯ ಅಡಕ್ಕೆ ಮರದ ಕೊಡಿಂದ ಬಿದ್ದ ಹಾಂಗೆ. ಬಿ.ಸಿ.ರೋಡಿಂದ ಮಂಗ್ಳೂರಿಂಗೆ ಹೋಪ ಹೈವೇಲಿ 80 ಆದರೆ 25 ಮೀಟರ್, ಎಂಬತ್ತು ಅಡಿಯ ಹಳೆ ತೆಂಗಿನ ಮರದ ಕೊಡಿ! ಹತ್ತು ಕಿಲೊದ ಬಾಬೆಯ 50ರ ವೇಗದ ಪೆಟ್ಟಿಲಿ ಹಿಡ್ಕೊಂಬದು ಹೇಳಿರೆ ಸುಮಾರು 300 ಕಿಲೊ ಹಿಡುದ ಹಾಂಗೆ. 50 ಕಿಲೊದ ಆರು ಗೋಣಿ ಅಕ್ಕಿ ಒಟ್ಟಿಂಗೆ ಕೈಗೆ ಬಂದರೆ ಆರು ಹಿಡಿಗು? ಯೇವ ಅಬ್ಬೆಯ ಪ್ರೀತಿಗೂ ಅಷ್ಟು ಬಲ ಇಲ್ಲೆ. ಅಬ್ಬೆ ತನ್ನ ಬೆಲ್ಟಿನ ಒಳವೇ ಬಾಬೆಯ ಸೇರ್ಸಿ ಕಟ್ಟಿಗೊಂಡರೆ ಇನ್ನೂ ಕೆಟ್ಟದು, ಅಬ್ಬೆಯ ಭಾರ ಪೂರ ಬಾಬೆಯ ಮೇಗೆ ಬೀಳ್ತು.

ಅಜ್ಜಿಯಕ್ಕೊ ಕೇಳ್ತ ಇನ್ನೊಂದು ಪ್ರಶ್ನೆ ಇದ್ದು: "ವಿಮಾನಲ್ಲಿ ಎರಡು ವರ್ಷದ ವರೆಗೆ ಮೊಟ್ಟೆಲಿ ಕೂಪಲಕ್ಕು ಹೇಳ್ತವು. ಮತ್ತೆ ಕಾರಿಲಿ ಎಂತಕೆ ಆಗ?" ಒಳ್ಳೆ ಪ್ರಶ್ನೆ. ಆದರೆ ಆಕಾಶಲ್ಲಿ ಎದುರಂದ ಬಸ್ಸು ಬತ್ತಿಲ್ಲೆ, ದನ ಅಡ್ಡ ಓಡ್ತಿಲ್ಲೆ, ಸ್ಕೂಟರು ಗಲ್ಲಿಂದ ನುಗ್ಗುತ್ತಿಲ್ಲೆ. ಸಾವಿರ ಮೈಲು ಹಾರಿ ಬಂದವಕ್ಕೆ ಕೈಕಂಬದ ತಿರ್ಗಾಸೇ ಹೆಚ್ಚು ಅಪಾಯ.

ಕಾನೂನುದೆ ಈಗ ಇದ್ದು. 2019ರಲ್ಲಿ ಮೋಟಾರು ವಾಹನ ಕಾನೂನಿಂಗೆ 194ಬಿ ಹೇಳ್ತ ಸೆಕ್ಷನ್ ಸೇರಿತ್ತು. 14 ವರ್ಷಂದ ಕೆಳಾಣ ಮಕ್ಕಳ ಬೆಲ್ಟಿಲಿಯೋ ಮಕ್ಕಳ ಸೀಟಿಲಿಯೋ ಕಟ್ಟದ್ದರೆ 1000 ರೂಪಾಯಿ ದಂಡ ಹೇಳಿ ಕೇಂದ್ರದ ಕಾನೂನಿಲಿ ಬರದ್ದು. ಬ್ರಿಟನ್ನಿಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ ಅಪ್ಪನ್ನಾರ ಮಕ್ಕೊಗೆ ಬೇರೆ ಸೀಟು ಬೇಕು. ಅಲ್ಲಿ ಅದರ ಅಭ್ಯಾಸ ಆದ ಮಕ್ಕೊ ಇಲ್ಲಿ ಬಂದು "ಎನ್ನ ಸೀಟು ಎಲ್ಲಿ?" ಹೇಳಿ ಕೇಳಿರೆ ಅದು ಹಟ ಅಲ್ಲ.

ಹಡಗಿನ ಹೊಡೆಂದಲೂ ಇದೇ ಕತೆ. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿ, 1975ರ ಜನವರಿಲಿ ಉದ್ಘಾಟನೆ ಆತು. ಮಳೆಗಾಲ ಕಳುದ ಮೇಲೆ ಅಲ್ಲಿಗೆ ಬಪ್ಪ ಪ್ರವಾಸಿ ಹಡಗಿನ ಜೆನಂಗೊ 1430ರ ಸಾವಿರ ಕಂಬದ ಬಸದಿ ನೋಡ್ಲೆ ಮೂಡುಬಿದಿರೆಗೆ ಬಪ್ಪದು ನಿಂಗೊ ಕಂಡಿಪ್ಪಿ. ನಮ್ಮವುದೆ ಈಗೀಗ ಕೊಚ್ಚಿಂದಲೋ ಬೊಂಬಾಯಿಂದಲೋ ಮಕ್ಕಳ ಕರ್ಕೊಂಡು ಹಡಗಿಲಿ ತಿರುಗುಲೆ ಹೋವ್ತವು. ಹಡಗಿಲಿ ಬಾಬೆ ಸೀಟು ಬೇಡ. ಆದರೆ ಬಂದರಿಂಗೆ ಹೋಪ, ಬಂದರಿಂದ ಬಪ್ಪ ಟ್ಯಾಕ್ಸಿಲಿ ಬೇಕು. ಹಾಂಗಾಗಿ ಸೀಟಿನ ಮನೆಲಿ ಬಿಟ್ಟಿಕ್ಕಿ ಹೋದರೆ ಆಗ, ಅದರ ಸಾಮಾನಿನ ಒಟ್ಟಿಂಗೆ ಕೋಣೆಲಿ ಮಡಿಕ್ಕೊಳ್ಳೆಕ್ಕು.

ಇನ್ನು ಮನೆಲಿ ಮಾಡುವ ಕೆಲಸ. ನಮ್ಮ ಊರ ಬಾಡಿಗೆ ಕಾರಿಲಿ ಬಾಬೆ ಸೀಟು ಇಪ್ಪದು ಅಪರೂಪ, ಆ ಕಾರಣ ಸೀಟು ನಮ್ಮದೇ ಇರೆಕ್ಕು. ಹಿಂದಾಣ ದಿನ ಡ್ರೈವರನ ಹತ್ತರೆ ಮೂರು ವಿಷಯ ಕೇಳಿ. ಹಿಂದಾಣ ಸೀಟಿನ ಬೆಲ್ಟು ಸರಿ ಇದ್ದೋ? ಬೆಲ್ಟು ಸಿಕ್ಕುಸುವ ಕೊಂಡಿ ಸೀಟು ಕವರಿನ ಅಡಿಲಿ ಹೂತು ಹೋಯಿದೋ? (ಸುಮಾರು ಕಾರಿಲಿ ಹೂತೇ ಹೋಗಿರ್ತು!) ಸಾಮಾನಿಂಗೆ ಮೇಗೆ ಕ್ಯಾರಿಯರ್ ಇದ್ದೋ? ಇರುಳಾಣ ವಿಮಾನ ಆದರೆ ಮನೆ ಜಾಲಿಲೇ ಹಗಲು ಹೊತ್ತಿಲಿ ಒಂದರಿ ಸೀಟು ಕಟ್ಟಿ ನೋಡಿ. ಕಟ್ಟಿದ ಮೇಲೆ ಕೈಲಿ ಆಡ್ಸಿರೆ ಹಂದಲಾಗ. ಎದುರಾಣ ಸೀಟಿಲಿ ಏರ್‌ಬ್ಯಾಗ್ ಇದ್ದರೆ ಹಿಂದಂಗೆ ಮೋರೆ ಮಾಡುವ ಸೀಟಿನ ಅಲ್ಲಿ ಯಾವತ್ತೂ ಮಡುಗಲಾಗ.

ಆರು ಹೋಪದು ಹೇಳ್ತ ಲೆಕ್ಕ ಈಗ ಸುಲಾಬ ಆತು. ಏಳು ಜೆನದ ಕಾರಿಲಿ ಎರಡು ಬಾಬೆ ಸೀಟು, ಅಬ್ಬೆ, ಅಪ್ಪ, ಹಿಂದೆ ಪೆಟ್ಟಿಗೆಗೊ. ಡ್ರೈವರನ ಹತ್ತರೆ ಒಂದೇ ಜಾಗೆ. ಅದಕ್ಕೆ ಅಜ್ಜನೋ ಅಜ್ಜಿಯೋ ಒಬ್ಬ ಹೋಗಲಿ. ಒಳುದವು ಮನೆಲಿ ಬೆಶಿನೀರು, ಗೆಂಜಿ ತೆಯಾರು ಮಾಡಿ ಮಡುಗಲಿ. ದಾರಿಲಿ ಬಾಬೆ ಕೂಗಿರೆ ಸೀಟಿಂದ ತೆಗವಲಾಗ, ಕಾರು ನಿಲ್ಸೆಕ್ಕು. ಎಡಪದವಿಲಿಯೋ ಪೊಳಲಿಲಿಯೋ ಕರೆಲಿ ನಿಲ್ಸಿ, ಎತ್ತಿಗೊಂಡು, ಹಾಲು ಕೊಟ್ಟು, ಸಮಾದಾನ ಮಾಡಿ, ಪುನಾ ಕಟ್ಟಿ ಹೆರಡಿ. ಹತ್ತು ನಿಮಿಷ ತಡ ಆದರೆ ಎಂತ ಮುಳುಗಿ ಹೋವ್ತಿಲ್ಲೆ. ಮೊಟ್ಟೆಗೆ ಜಾಗೆ ಅಲ್ಲಿ ಇದ್ದು, ಕಾರು ನಿಂದಲ್ಲಿ.

ಒಂದು ಸಂಗತಿ ಹೇಳಿ ನಿಲ್ಸುತ್ತೆ. ವರ್ಷಕ್ಕೊಂದರಿ ಬಪ್ಪ ಪುಳ್ಯಕ್ಕೊಗೆ ಸಾವಿರಗಟ್ಲೆ ಕೊಟ್ಟು ಸೀಟು ತೆಗವಲೆ ಎಲ್ಲೋರಿಂಗೂ ಎಡಿಯ. ನಮ್ಮಲ್ಲಿ ತೊಟ್ಟಿಲು ಒಂದು ಮನೆಂದ ಇನ್ನೊಂದು ಮನೆಗೆ ಹೋವ್ತ ಕ್ರಮ ಮದಲಿಂದಲೂ ಇದ್ದನ್ನೆ? ಸೀಟುದೆ ಹಾಂಗೆ ಹೋಗಲಿ. ಆದರೆ ಅಪಘಾತ ಆದ ಕಾರಿಲಿ ಇದ್ದ ಸೀಟು, ಒಡದ ಸೀಟು, ಅವಧಿ ಮುಗುದ ಸೀಟು ಆರಿಂಗೂ ಕೊಡ್ಲಾಗ, ತೆಕ್ಕೊಂಬಲೂ ಆಗ. ಎಂಗಳ ಮನೆ ಅಟ್ಟಲ್ಲಿ ಒಂದು ಒಳ್ಳೆದು ಇದ್ದು, ನಾಲ್ಕು ವರ್ಷದ ವರೆಗಾಣದ್ದು. ಮೇ ತಿಂಗಳಿಲಿ ಬೇಕಾದವು ಮದಲೇ ಹೇಳಿ ಮಡುಗಿ.