ನಗೆಪತ್ರಿಕೆಗೆ ಅರ್ಜಿ ಬರೆಯುವುದು ಹೇಗೆ?

ಅರ್ಜಿ ಬರೆಯುವುದು ನಮ್ಮ ಭಾಷಾ ಪಾಠದ ಖಾಯಂ ಪ್ರಶ್ನೆ. ಇಂದ, ಗೆ, ಮಾನ್ಯರೇ, ವಿಷಯ, ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ'... ಇಷ್ಟಿದ್ದರೆ ಮಾರ್ಕು ಖಂಡಿತ. ಆದರೆ ಒಂದು ನಗೆಪತ್ರಿಕೆಗೆ ಬರೆಯುತ್ತೇನೆಂದು ಅರ್ಜಿ ಹಾಕುವುದಾದರೆ? 'ವಿಧೇಯ' ಎಂದು ಸಹಿ ಮಾಡಿದವನನ್ನು ಅಲ್ಲಿ ಸೇರಿಸಿಕೊಳ್ಳುವುದೇ ಕಷ್ಟ!

ಅಮೇರಿಕದ ಹಾರ್ವರ್ಡ್ ವಿದ್ಯಾರ್ಥಿಗಳು 1876ರಲ್ಲೇ 'ಲ್ಯಾಂಪೂನ್' ಎಂಬ ವಿಡಂಬನ ಪತ್ರಿಕೆ ಆರಂಭಿಸಿದರು. ಅದರ ಬಳಗ ಸೇರಲು ಮಾರ್ಕುಪಟ್ಟಿ ಸಾಲದು. ತಾನು ಬರೆದ ತುಣುಕುಗಳನ್ನು ಕೊಟ್ಟು ಸ್ಪರ್ಧಿಸಬೇಕು. ಅಂದರೆ ಅಲ್ಲಿ ಬರಹವೇ ಅರ್ಜಿ. ನಮ್ಮ ಕನ್ನಡದ ನಗೆಪತ್ರಿಕೆಯ ಚರಿತ್ರೆಯನ್ನು ನೋಡಿದರೂ ಇದೇ ಮಾತು ನಿಜವೆನಿಸುತ್ತದೆ.

1942ರಲ್ಲಿ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆ ಹೊರಡಿಸಿದರು. ಓದುಗರಿಗೆ ಅವರು 'ರಾಶಿ' ಎಂದೇ ಪರಿಚಿತರು. ಅತ್ತ ಮಹಾಯುದ್ಧ, ಇತ್ತ ಕ್ವಿಟ್ ಇಂಡಿಯಾ ಚಳವಳಿ. ಅಂಥ ವರ್ಷ ನಗೆಪತ್ರಿಕೆಯೇ ಎಂದು ಕೇಳಬಹುದು. ಆದರೆ ಕೊರವಂಜಿ ಎಂದರೆ ಕಣಿ ಹೇಳುವವಳಲ್ಲವೇ? ಕರೆಯದಿದ್ದರೂ ಬಾಗಿಲಿಗೆ ಬಂದು, ಮನೆಯೊಳಗಿನ ಸಂಗತಿಯನ್ನು ಮನೆಯವರಿಗೇ ಹೇಳುವವಳು. ಆ ಹೆಸರಿನ ಪತ್ರಿಕೆ 1967ರ ವರೆಗೆ, ಇಪ್ಪತ್ತೈದು ವರ್ಷ ನಡೆಯಿತು. 1983ರಲ್ಲಿ ಅದರ ಪರಂಪರೆಯಲ್ಲೇ 'ಅಪರಂಜಿ' ಹುಟ್ಟಿತು.

ಕೊರವಂಜಿಗೆ ಬರೆದವರ 'ಅರ್ಹತಾ ಪತ್ರ' ನೋಡೋಣ ಬನ್ನಿ.

ಒಬ್ಬರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಹೈಸ್ಕೂಲು ಮುಗಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಇಲ್ಲವೆಂಬ ಉತ್ತರ ಬಂತು. ಅವರು ಮಹಾರಾಜಾ ಕಾಲೇಜು ಸೇರಿದರು, ಚಿತ್ರ ಬಿಡಲಿಲ್ಲ. ಕೊರವಂಜಿಯ ಆರಂಭದ ವ್ಯಂಗ್ಯಚಿತ್ರಗಳಲ್ಲಿ ಈ ತರುಣನ ಗೆರೆಗಳಿದ್ದವು. ಮುಂದೆ ಅದೇ ಮುಂಬಯಿಯಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯ 'ಸಾಮಾನ್ಯ ಮನುಷ್ಯ'ನನ್ನು ಸೃಷ್ಟಿಸಿದವರು ಇವರೇ. 2005ರಲ್ಲಿ ಪದ್ಮವಿಭೂಷಣ ಬಂತು.

ಇನ್ನೊಬ್ಬರು ಟಿ. ಸುನಂದಮ್ಮ. ಹಾಸ್ಯ ಬರೆಯುವುದು ಗಂಡಸರ ಕೆಲಸ ಎಂದು ತಿಳಿದಿದ್ದ ಕಾಲದಲ್ಲಿ, ಮನೆವಾರ್ತೆಯ ದಿನನಿತ್ಯದ ಸಂಗತಿಗಳನ್ನೇ ಹಿಡಿದು ನಗಿಸಿದವರು.

ಮತ್ತೊಬ್ಬರು ನಾ. ಕಸ್ತೂರಿ. ಗಡಿನಾಡಿನ ನಾವು ಮುಖ್ಯವಾಗಿ ನೆನೆಯಬೇಕಾದವರು. 1897ರಲ್ಲಿ ಅವರು ಹುಟ್ಟಿದ್ದು ಕೇರಳದ ತ್ರಿಪ್ಪುಣಿತ್ತುರದಲ್ಲಿ. ಮಾತೃಭಾಷೆ ಮಲಯಾಳ! ಮೈಸೂರಿಗೆ ಬಂದು ಇತಿಹಾಸದ ಅಧ್ಯಾಪಕರಾದರು, ಕನ್ನಡ ಕಲಿತರು, ಕೊರವಂಜಿಯ ಮುಖ್ಯ ಲೇಖಕರಲ್ಲಿ ಒಬ್ಬರಾದರು. ಅವರ 'ಅನರ್ಥಕೋಶ' ಕನ್ನಡದ ಪದಗಳಿಗೆ ಚೇಷ್ಟೆಯ ಅರ್ಥ ಕೊಡುವ ನಿಘಂಟು. ಹುಟ್ಟಿನಿಂದ ಕನ್ನಡವಾಡುವವನು ಒಂದು ಪದವನ್ನು ಹಾಗೇ ನುಂಗಿಬಿಡುತ್ತಾನೆ. ಹೊರಗಿನಿಂದ ಬಂದು ಕಲಿತವನು ಪ್ರತಿಯೊಂದನ್ನೂ ತಿರುಗಿಸಿ, ಮಗುಚಿ ನೋಡುತ್ತಾನೆ. ಕಸ್ತೂರಿಯವರ ನಗೆಯ ಗುಟ್ಟು ಅಲ್ಲಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಈಗ ನಮ್ಮ ಶಾಲೆಗಳಿಗೆ ಬನ್ನಿ. ಕೈಬರಹ ಪತ್ರಿಕೆ, ಗೋಡೆಪತ್ರಿಕೆ ಮಾಡಿಸುತ್ತೇವೆ. ಸುಭಾಷಿತ, ಒಗಟು, ಪರಿಸರ ದಿನದ ಕವನ ಎಲ್ಲ ಬರುತ್ತದೆ. ನಗೆಯೆಂದರೆ ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಜೋಕು. ಸ್ವಂತದ್ದು ಬರೆಯಿರಿ ಎಂದರೆ ಮಕ್ಕಳು ಹಿಂಜರಿಯುತ್ತಾರೆ: "ನನ್ನ ಕನ್ನಡ ಸರಿ ಇಲ್ಲ ಮಾಷ್ಟ್ರೇ!"

ಯಾಕೆ ಸರಿ ಇಲ್ಲ? ಮನೆಯಲ್ಲಿ ತುಳು, ಮಲಯಾಳ, ಮರಾಠಿ, ಹವ್ಯಕ. ಶಾಲೆಯಲ್ಲಿ ಪುಸ್ತಕದ ಕನ್ನಡ. ಬೋವಿಕಾನ ಪೇಟೆಯಲ್ಲಿ ಬಸ್ಸಿಗೆ ಕಾಯುವಷ್ಟರಲ್ಲಿ ಮೂರು ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ನಮ್ಮ ಕನ್ನಡಕ್ಕೆ ಸಂಕಟಗಳಿವೆ, ನಿಜ. ಆದರೆ ಮಲಯಾಳದ ಸುತ್ತೋಲೆ ಓದಿಸಲು ಅಪ್ಪ ಮಗಳನ್ನು ಕರೆಯುವುದು, ಅವಳೂ ಅರ್ಧ ಓದಿ ಉಳಿದರ್ಧ ಊಹಿಸುವುದು... ಇದು ಸಂಕಟವೂ ಹೌದು, ಒಳ್ಳೆಯ ನಗೆಬರಹದ ವಸ್ತುವೂ ಹೌದು. ಬೆಂಗಳೂರಿನ ಮಗುವಿಗೆ ಇದು ಸಿಗುವುದಿಲ್ಲ. ಮನವಿ ಕೊಟ್ಟು ಕೊಟ್ಟು ನಮಗೆ ಅಭ್ಯಾಸವಾಗಿದೆ. ಮನವಿಯನ್ನು ಫೈಲಿನಲ್ಲಿ ಇಡಬಹುದು, ನಗೆಯನ್ನು ಇಡಲಿಕ್ಕಾಗುವುದಿಲ್ಲ.

ನಿಯಮ ಒಂದೇ ಸಾಕು. ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ಬೇರೆಯವರು ರಾಜನಿಗೆ ಹೇಳಲು ಹೆದರುವ ಮಾತನ್ನು ಅವನು ದೂತನ ವೇಷದಲ್ಲಿ ನಿಂತು ಹೇಳುತ್ತಾನೆ. ನಗೆ ಮೇಲೆ ಕುಳಿತವರ ಕಡೆಗೆ ಹೋಗಬೇಕು. ಸಹಪಾಠಿಯ ಬಣ್ಣ, ಜಾತಿ, ಉಗ್ಗು, ಹರಿದ ಚೀಲ ಇವುಗಳ ಮೇಲೆ ಬರೆದದ್ದು ವಿಡಂಬನೆಯಲ್ಲ, ಹಿಂಸೆ.

ಅಧ್ಯಾಪಕ ಮಿತ್ರರೇ, ಮುಂದಿನ ಗೋಡೆಪತ್ರಿಕೆಯಲ್ಲಿ ಒಂದು ಅಂಕಣ ಖಾಲಿ ಬಿಡಿ. ಬರೆಯಲು ಬರುವವರಿಂದ ಅರ್ಜಿ ಕೇಳಬೇಡಿ, ಅರ್ಧ ಪುಟ ಬರಹ ಕೇಳಿ. ಮೊದಲ ಬರಹ ನಮ್ಮ ಮೇಲೆಯೇ ಬರಬಹುದು. ಬರಲಿ! ಕಾಗುಣಿತ ಮಾತ್ರ ತಿದ್ದಿ ಗೋಡೆಗೆ ಅಂಟಿಸೋಣ.