ವಿದ್ಯಾಋಣ ಮತ್ತು ಅದರ ತೀರಿಕೆ

ನಮ್ಮ ಪೂರ್ವಿಕರಲ್ಲಿ ವಿದ್ಯಾದಾನವು ಕೇವಲ ಧರ್ಮಾರ್ಥವಾಗಿದ್ದಿತೆಂದೂ ಶಿಷ್ಯನಿಗೆ ಯಾವ ಹೊರೆಯೂ ಇರಲಿಲ್ಲವೆಂದೂ ಹೇಳುವುದು ವಾಡಿಕೆಯಾಗಿದೆ. ಗ್ರಂಥಗಳನ್ನು ತೆರೆದು ನೋಡಿದರೆ ಈ ಮಾತು ಪೂರ್ಣವಾಗಿ ನಿಲ್ಲದು. ಸಂಬಳಕ್ಕಾಗಿ ಪಾಠ ಹೇಳುವುದನ್ನು ಮನುಸ್ಮೃತಿಯು ಉಪಪಾತಕಗಳಲ್ಲಿ ಎಣಿಸಿದೆ. ವ್ಯಾಸಂಗವು ಮುಗಿಯುವ ಮುನ್ನ ಶಿಷ್ಯನು ಗುರುವಿಗೆ ಏನನ್ನೂ ಕೊಡಲಾಗದೆಂದೂ ವಿಧಿಸಿದೆ. ಆದರೆ ಸಮಾವರ್ತನದ ಸ್ನಾನಕ್ಕೆ ಸಿದ್ಧನಾದವನು ಗುರುವಿನ ಅಪ್ಪಣೆಯಂತೆ, ಯಥಾಶಕ್ತಿಯಾಗಿ, ದಕ್ಷಿಣೆಯನ್ನು ತರಬೇಕೆಂಬುದೂ ಅದೇ ಸ್ಮೃತಿಯ ಮಾತು. ಹೊಲ, ಹೊನ್ನು, ಹಸು, ಕುದುರೆಗಳಿಂದ ಹಿಡಿದು ಕೊಡೆ, ಪಾದರಕ್ಷೆ, ಕಾಯಿಪಲ್ಯಗಳವರೆಗೆ ಅದರ ಪಟ್ಟಿಯಿದೆ. ಆದುದರಿಂದ ಸಲ್ಲಿಕೆಯು ಇಲ್ಲವೆಂದಲ್ಲ, ಅದು ವಿದ್ಯೆ ಮುಗಿದ ಮೇಲಿನದು.

ಇದನ್ನು ಎಲ್ಲಿಂದ ತರುವುದು? ದಾನಕ್ಕೆ ಪಾತ್ರರಾದ ಒಂಬತ್ತು ಬಗೆಯ ಸ್ನಾತಕರಲ್ಲಿ ಗುರುವಿಗಾಗಿ ಬೇಡುವವನನ್ನೂ ಮನುವು ಸೇರಿಸಿರುವುದೇ ಉತ್ತರ. ರಘುವಂಶದ ಐದನೆಯ ಸರ್ಗದ ಕೌತ್ಸನು ಇಂಥವನೇ. ಶುಶ್ರೂಷೆಯೇ ಸಾಕೆಂದ ಗುರುವನ್ನು ಮತ್ತೆ ಮತ್ತೆ ಪೀಡಿಸಿ, ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಅವನು ರಘುವಿನ ಬಾಗಿಲಿಗೆ ಬಂದನು. ಕುಬೇರನ ಹೊನ್ನಮಳೆಯು ಕವಿಯ ಸೃಷ್ಟಿಯಾಗಿರಲಿ. ಓದು ಮುಗಿಸಿದ ತರುಣನು ದಾನಿಯ ಮುಂದೆ ಕೈಯೊಡ್ಡಿ ನಿಲ್ಲುವ ನೋಟವು ಲೋಕಾನುಭವದಿಂದಲೇ ಬಂದುದೆಂದು ತೋರುತ್ತದೆ.

ಕಸುಬು ಕಲಿಯುವವನ ಪಾಡು ಬೇರೆ. ಅದನ್ನು ತಿಳಿಯಲು ಕನ್ನಡ ನಾಡಿನ ಗ್ರಂಥವೊಂದೇ ನೆರವಾಗುತ್ತದೆ. ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೇ ಅದು. ನಾಲ್ಕು ವರ್ಷ ಮನೆಯಲ್ಲಿರುವೆನೆಂದು ಒಪ್ಪಿದ ಅಂತೇವಾಸಿಯು, ಅದಕ್ಕೆ ಮೊದಲೇ ಕಸುಬು ಕೈವಶವಾದರೂ, ಅವಧಿ ತುಂಬುವವರೆಗೆ ಅಲ್ಲಿಯೇ ಇರತಕ್ಕದ್ದು. ಅವನಿಗೆ ಊಟ ಗುರುವಿನದು. ಅವನ ದುಡಿಮೆಯ ಫಲವೂ ಗುರುವಿನದು. ಕಲಿತ ಮೇಲಿನ ಆ ತಿಂಗಳುಗಳೇ ಸಾಲದ ಕಂತುಗಳು! ದೋಷವಿಲ್ಲದ ಗುರುವನ್ನು ಬಿಟ್ಟು ಓಡುವವನು ವಧಬಂಧಗಳಿಗೆ ಅರ್ಹನೆಂದು ನಾರದನು ಹೇಳಿದ್ದನ್ನು ಉದಾಹರಿಸಿ, ತಪ್ಪು ಅಲ್ಪವಾದುದರಿಂದ ಇಲ್ಲಿ ವಧವೆಂದರೆ ಹೊಡೆತವೆಂದೇ ಅರ್ಥವೆಂದು ವಿಜ್ಞಾನೇಶ್ವರನು ವ್ಯಾಖ್ಯಾನಿಸುತ್ತಾನೆ. ವ್ಯಾಖ್ಯಾನಕಾರನ ಕರುಣೆ ಮೆಚ್ಚತಕ್ಕದ್ದೇ. ಆದರೂ ಕೌತ್ಸನನ್ನು ತಡೆದು ನಿಲ್ಲಿಸುವ ಇಂಥ ದಂಡವಾವುದೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ಈ ಹೊರೆಯನ್ನು ಮೊದಲೇ ಇಳಿಸುವ ಯತ್ನವು ನಮ್ಮ ಶಾಸನಗಳಲ್ಲಿ ಕಾಣುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಸಾಲೋಟಗಿಯಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳ ವಿದ್ಯಾರ್ಥಿಗಳು ಬರುತ್ತಿದ್ದರು, ಕ್ರಿ. ಶ. ೯೪೫ರ ಶಾಸನವು ೨೭ ನಿವೇಶನಗಳನ್ನೂ ಭೂಮಿಯನ್ನೂ ಹೇಳುತ್ತದೆ. ನಾಗಾವಿಯ ಘಟಿಕಾಸ್ಥಾನದಲ್ಲಿ, ಕ್ರಿ. ಶ. ೧೦೫೮ರ ಶಾಸನದಂತೆ, ೨೦೦ ಮಂದಿ ವೇದಾಧ್ಯಾಯಿಗಳೂ ಶಾಸ್ತ್ರವಿದ್ಯಾರ್ಥಿಗಳೂ ಇದ್ದರು. ಅವರೊಡನೆ ೬ ಮಂದಿ ಸರಸ್ವತೀಭಂಡಾರಿಗರು, ಅಂದರೆ ಪುಸ್ತಕ ಕಾಯುವವರು. ಉಪಾಧ್ಯಾಯರ ಜೀವಿತಕ್ಕೂ ಶಿಷ್ಯರ ಊಟಕ್ಕೂ ದತ್ತಿಯ ಹೊಲವೇ ಆಧಾರವಾದಾಗ, ಸ್ನಾತಕನು ಬೇಡುತ್ತ ಅಲೆಯಬೇಕಾದ ಕಾರಣವೇ ಬಹುಮಟ್ಟಿಗೆ ತಪ್ಪಿತು. ಸಾಲವನ್ನು ತೀರಿಸಿದವನು ಶಿಷ್ಯನಲ್ಲ, ಆ ಹೊಲವನ್ನು ಉತ್ತ ಒಕ್ಕಲಿಗನೆಂದೂ ಹೇಳಬಹುದು. ಕಮ್ಮಾರನ ಮನೆಯಲ್ಲೋ ಅಕ್ಕಸಾಲಿಗನ ಮನೆಯಲ್ಲೋ ಅವಧಿ ತುಂಬಲೆಂದು ಕಾದಿದ್ದ ಹುಡುಗನಿಗಾದರೋ ಈ ಎರಡು ಶಾಸನಗಳಲ್ಲಿಯೂ ಒಂದು ಮತ್ತರು ನೆಲ ಬಿಟ್ಟಿಲ್ಲ.